ಮಧ್ಯಾಹ್ನದ ಪಾಲು

ಭಟ್ಟಿಯ ಬಾಯಿಗೆ ಅಡ್ಡ ಕಟ್ಟಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದಾಗ ಒಳಗಿದ್ದ ನಲವತ್ತು ತಟ್ಟೆಗಳೂ ಬೋಳಾಗಿದ್ದವು. ಎಲೆಯಿಲ್ಲ, ಬಳ್ಳಿಯಿಲ್ಲ, ನೀಲಿಯ ಒಂದು ಚುಕ್ಕೆಯೂ ಇಲ್ಲ. ಬಳ್ಳಿ ಇರಬೇಕಾದ ಜಾಗದಲ್ಲಿ ಹೊಳಪಿನ ಲೇಪ ಗುಳ್ಳೆಯೆದ್ದು ಒಡೆದು ಸೂಜಿ ಚುಚ್ಚಿದಂಥ ತೂತುಗಳು ಉಳಿದಿದ್ದವು.

ಮಗ ಒಂದು ತಟ್ಟೆ ಎತ್ತಿ ತಿರುಗಿಸಿ ಬೆನ್ನು ನೋಡಿದ.

"ಹಿಂದ್ಗಡೆಗೆ ಇಳಿದುಹೋಗಿದೆಯೇನೋ ಅಂತ ನೋಡಿದೆ," ಎಂದ.

ಯಜಮಾನ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ. ತಿಗರಿಯ ಮುಂದೆ ನಲವತ್ತು ವರ್ಷ ಕೂತು ಬೆನ್ನು ಬಾಗಿದ ಮನುಷ್ಯ. ಸಿಟ್ಟು ಬಂದಾಗ ಮಾತ್ರ ಅದು ನೆಟ್ಟಗಾಗುತ್ತಿತ್ತು.

"ಮೂರು ದಿನದ ಮಣ್ಣು, ಒಂದು ಗಾಡಿ ಸೌದೆ. ನಿನ್ನ ಪ್ರಿಂಟು ಎಲ್ಲಿಗೆ ಹೋಯ್ತಮ್ಮ?"

"ಇತ್ತು ಮಾವ," ಎಂದಳು ಸೊಸೆ. "ನೀವೇ ನೋಡಿದ್ರಲ್ಲ. ನೀಲಿಯಾಗಿ ಎದ್ದು ಕಾಣ್ತಿತ್ತು."

"ಕಾಣ್ತಿತ್ತು. ಈಗ ಕಾಣ್ತಿಲ್ಲ."

ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಕುಂಚಮ್ಮ ತಲೆಯೆತ್ತದೆ ಹೇಳಿದಳು: "ಅದು ಬಟ್ಟೆಗೆ ಹಾಕೋ ಬಣ್ಣ. ಬಟ್ಟೆ ಸುಟ್ಟ ಹಾಗೇ ಸುಟ್ಟುಹೋಗಿದೆ. ಬೆಂಕಿಯೊಳಗೆ ಉಳಿಯೋದು ಕಲ್ಲು, ಮಣ್ಣು, ಎರಡೇ."

"ನಿನಗೆ ಮೊದಲೇ ಗೊತ್ತಿತ್ತಾ?" ಎಂದ ಯಜಮಾನ.

"ಗೊತ್ತಿತ್ತು ಅಣ್ಣ."

"ಹೇಳೋಕೆ ಏನಾಗಿತ್ತು ರೋಗ?"

"ಕೇಳೋಕೆ ಏನಾಗಿತ್ತೋ ಅದೇ," ಎಂದು ಕುಂಚಮ್ಮ ಮುಂದಿನ ಆಲೂಗಡ್ಡೆ ಕೈಗೆತ್ತಿಕೊಂಡಳು.

ಅವಳು ಯಜಮಾನನ ತಂಗಿ. ಇಪ್ಪತ್ತನಾಲ್ಕನೇ ವಯಸ್ಸಿಗೆ, ಮದುವೆಯಾದ ಆರನೇ ತಿಂಗಳಿಗೆ, ಗಂಡನ ಮನೆಯಿಂದ ಒಂದು ಟ್ರಂಕು ಹಿಡಿದು ವಾಪಸ್ಸು ಬಂದಿದ್ದಳು. ಬಂದ ವಾರ ಅಣ್ಣ ಒಂದು ಕುಂಚ ಕೊಟ್ಟು, "ಸುಮ್ಮನೆ ಕೂರಬೇಡ, ಇದನ್ನಾದ್ರೂ ಬಳಿ," ಎಂದಿದ್ದ. ಆಮೇಲೆ ಇಪ್ಪತ್ತೆಂಟು ವರ್ಷ ಅವಳು ಸುಮ್ಮನೆ ಕೂರಲಿಲ್ಲ. ಬೆಳಿಗ್ಗೆ ಅಡುಗೆ, ಆಮೇಲೆ ಕುಂಚ, ಮಧ್ಯಾಹ್ನ ಬಡಿಸಿ ಮತ್ತೆ ಕುಂಚ, ಸಂಜೆ ಮತ್ತೆ ಅಡುಗೆ. ದಿನಕ್ಕೆ ಇಪ್ಪತ್ತು ಲೋಟ. ಲೋಟ ಕೊಳ್ಳಲು ಬಂದವರು ಅವಳನ್ನು ಕುಂಚಮ್ಮ ಎಂದರು. ಮನೆಯವರಿಗೂ ಅದೇ ರೂಢಿಯಾಯಿತು. ಅವಳ ಸಂಬಳ ಎಷ್ಟೆಂದು ಯಾರೂ ಯಾವತ್ತೂ ಕೇಳಲಿಲ್ಲ. ಮನೆಮಗಳಿಗೆ ಸಂಬಳವೇ? ಮನೆಮಗಳು ಅನ್ನುವ ಒಂದು ಮಾತಿನಲ್ಲಿ ಎಷ್ಟು ದುಡಿಮೆ ಮುಚ್ಚಿಹೋಗುತ್ತದೆ ಎಂಬುದಕ್ಕೆ ಆ ಮನೆಯ ಕಪಾಟುಗಳೇ ಸಾಕ್ಷಿ.

ಸೊಸೆ ಬಂದು ಎರಡು ವರ್ಷವಾಗಿತ್ತು. ಅದಕ್ಕೂ ಮುಂಚೆ ಅವಳು ಬಟ್ಟೆ ಚೀಲಗಳ ಮೇಲೆ ಅಂಗಡಿಗಳ ಹೆಸರು ಅಚ್ಚು ಹಾಕುವ ಶೆಡ್ಡಿನಲ್ಲಿ ದುಡಿದವಳು. ಮರದ ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆ, ಅದರ ಮೇಲೆ ಬಣ್ಣ, ಬಣ್ಣವನ್ನು ಒಂದೇ ಉಸಿರಿಗೆ ಈ ತುದಿಯಿಂದ ಆ ತುದಿಗೆ ಎಳೆಯುವ ರಬ್ಬರ್ ಪಟ್ಟಿ; ದಿನಕ್ಕೆ ಎಂಟುನೂರು ಚೀಲ. ಈ ಮನೆಯಲ್ಲಿ ಆ ಕೈಗೆ ಕೆಲಸವಿರಲಿಲ್ಲ. ಮಣ್ಣು ತುಳಿ, ಸೌದೆ ಹೊರು, ಈರುಳ್ಳಿ ಹೆಚ್ಚು. ಹೋದ ತಿಂಗಳು ಒಂದು ದಿನ ಊಟದ ಹೊತ್ತಿಗೆ ಅವಳೇ ಬಾಯಿಬಿಟ್ಟಿದ್ದಳು: "ಚೀಲಕ್ಕೆ ಹಾಕೋದನ್ನ ಮಣ್ಣಿಗೆ ಯಾಕೆ ಹಾಕಬಾರದು ಮಾವ?" ಯಜಮಾನನ ತುತ್ತು ಬಾಯಿಯ ಹತ್ತಿರವೇ ನಿಂತಿತ್ತು. ತಿಗರಿಯ ಮೇಲೆ ಅವನು, ಮಗ ಇಬ್ಬರೂ ಸೇರಿ ದಿನಕ್ಕೆ ನೂರಿಪ್ಪತ್ತು ಲೋಟ ಎತ್ತಬಲ್ಲರು. ಕುಂಚ ಮಾತ್ರ ಇಪ್ಪತ್ತರ ಮೇಲೆ ಏಳುತ್ತಿರಲಿಲ್ಲ. ಮಾರನೆಯ ದಿನ ಅವನು ತಂಗಿಯ ಮುಂದೆ ಒಂದು ಪಾರದರ್ಶಕ ಹಾಳೆ ಇಟ್ಟು, "ನಿನ್ನ ಬಳ್ಳೀನ ಕಪ್ಪು ಮಸೀಲಿ ಇದರ ಮೇಲೆ ಬರಿ," ಎಂದ. ಯಾತಕ್ಕೆ ಎಂದು ಅವನು ಹೇಳಲಿಲ್ಲ. ಯಾತಕ್ಕೆಂದು ಗೊತ್ತಿದ್ದೇ ಅವಳು ಬರೆದಳು.

ಹಾಗೆ ಬರೆದ ಬಳ್ಳಿ ಜಾಲರಿಗೆ ಇಳಿದು, ಜಾಲರಿಯಿಂದ ತಟ್ಟೆಗೆ ಇಳಿದು, ತಟ್ಟೆಯಿಂದ ಹೊಗೆಯಾಗಿ ಹೋಗಿತ್ತು.

ಅಂದು ಊಟಕ್ಕೆ ಕೂತಾಗ ಯಜಮಾನಿ, ಯಜಮಾನನ ಹೆಂಡತಿ, ಗಂಡನ ಮುಂದೆ ಬೋಳು ತಟ್ಟೆಯೊಂದನ್ನೇ ತಂದಿಟ್ಟಳು.

"ಇದರಲ್ಲಿ ಉಣ್ಣಿ. ಕೊಳ್ಳೋರಂತೂ ಇಲ್ಲ."

"ತೂತಿದೆ, ಅಮ್ಮ," ಎಂದ ಮಗ. "ಸೋರಿಬಿಟ್ಟೀತು."

"ಸೋರೋದು ತಟ್ಟೆಯಲ್ಲ ಕಣೋ, ಮನೆ. ಚೀಲದ ಶೆಡ್ಡಿನ ಬುದ್ಧಿ ತಂದು ಒಲೆಗೆ ಹಾಕಿದ್ರೆ ಇನ್ನೇನಾಗುತ್ತೆ?"

ಸೊಸೆ ಅನ್ನ ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಗೆ ಹಾಕಿ ಒಳಗೆ ಹೋದಳು. ಕುಂಚಮ್ಮ ಆ ಸೌಟು ತೆಗೆದುಕೊಂಡು ಬಡಿಸುವುದನ್ನು ಮುಂದುವರಿಸಿದಳು.

ಎರಡು ದಿನ ಬಿಟ್ಟು, ಒಗೆಯುವ ಕಲ್ಲಿನ ಹತ್ತಿರ ಇಬ್ಬರೇ ಇದ್ದಾಗ ಸೊಸೆ ಕೇಳಿಯೇಬಿಟ್ಟಳು.

"ಚಿಕ್ಕಮ್ಮ, ನಿಮ್ಮ ಬಣ್ಣ ಕಲಿಸಿ."

"ಕಲಿಸಿಬಿಟ್ರೆ ಆಮೇಲೆ ಈ ಮನೇಲಿ ನಾನ್ಯಾತಕ್ಕೆ?"

"ಪ್ರಿಂಟು ಬರದಿದ್ರೆ ನಾನ್ಯಾತಕ್ಕೆ? ಅತ್ತೆ ಮೊನ್ನೆ ಹೇಳಿದ್ದು ಕೇಳಿಸ್ಕೊಂಡ್ರಲ್ಲ."

ಕುಂಚಮ್ಮ ಹಿಂಡಿದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಬಲಗೈಯ ಹೆಬ್ಬೆರಳನ್ನು ಸೊಸೆಯ ಮುಖದ ಮುಂದೆ ಹಿಡಿದಳು. ಬುಡದಲ್ಲಿ ಗಂಟು ಎದ್ದಿತ್ತು.

"ನೋಡು. ಬೆಳಿಗ್ಗೆ ಎದ್ದಾಗ ಇದು ಮಡಚಲ್ಲ. ಬಿಸಿನೀರಲ್ಲಿ ಅದ್ದಿ ಎಬ್ಬಿಸಬೇಕು, ಶಾಲೆಗೆ ಹೋಗೋ ಮಗೂನ ಎಬ್ಬಿಸಿದ ಹಾಗೆ. ಇನ್ನೆರಡು ವರ್ಷ ಕುಂಚ ಹಿಡೀಬಹುದು. ಅಷ್ಟೇ." ಬಕೆಟ್ಟನ್ನು ಪಕ್ಕಕ್ಕೆ ಸರಿಸಿ ಅಂದಳು: "ಬಣ್ಣ ಕಲಿಸ್ತೀನಿ. ನೀನು ಆ ರಬ್ಬರು ಎಳೆಯೋದನ್ನ ನನಗೆ ಕಲಿಸಬೇಕು. ನೋಡ್ಕೊಂಡು ನಿಲ್ಲೋಳಲ್ಲ ನಾನು."

"ಅದೇನು ಮಹಾ, ಚಿಕ್ಕಮ್ಮ! ಹತ್ತು ದಿನದ್ದು."

"ನನ್ನದು ಹತ್ತು ದಿನದ್ದಲ್ಲ. ಸೋಪು ಕೊಡು."

ಕುಂಚಮ್ಮನ ನೀಲಿ, ಹಸಿಯಲ್ಲಿ ನೀಲಿಯಾಗಿರಲಿಲ್ಲ. ಒಲೆಯ ಮಸಿಯಂಥ ಪುಡಿ. ಬೆಂಕಿಗೆ ಹೋಗಿ ಬಂದ ಮೇಲೆ ನೀಲಿ. ಆ ಕಲ್ಲುಪುಡಿಗೆ ಬಿಳಿ ಜೇಡಿಯ ತಿಳಿ ಸೇರಿಸಿ, ಗೋಂದಿನ ನೀರು ಬಿಟ್ಟು, ಗುಂಡುಕಲ್ಲಿನಲ್ಲಿ ಅರೆಯಬೇಕು. ಎಷ್ಟು ಹೊತ್ತು ಎಂದು ಸೊಸೆ ಕೇಳಿದಳು. ಕುಂಚಮ್ಮ ಚಿಟಿಕೆ ಬಣ್ಣವನ್ನು ಎರಡು ಹೆಬ್ಬೆರಳುಗಳ ಉಗುರಿನ ನಡುವೆ ಇಟ್ಟು ಉಜ್ಜಿ, ಸೊಸೆಯ ಕಿವಿಯ ಹತ್ತಿರ ಹಿಡಿದಳು.

"ಏನು ಕೇಳುತ್ತೆ?"

"ಸರಸರ ಅಂತಿದೆ."

"ಅದು ಬಾಯಿ ಮುಚ್ಚೋ ತನಕ ಅರಿ."

ಕುಂಚಕ್ಕೆ ಅಷ್ಟು ಸಾಕಾಗಿತ್ತು, ಜಾಲರಿಗೆ ಸಾಲಲಿಲ್ಲ. ಚೀಲಕ್ಕೆ ಬಳಸುತ್ತಿದ್ದ ಜಾಲರಿಯ ಕಣ್ಣು ಬಲು ಸಣ್ಣದು. ಮೂರು ಎಳೆತಕ್ಕೆ ಕಲ್ಲಿನ ಪುಡಿ ಕಣ್ಣಲ್ಲಿ ಕೂತು, ನಾಲ್ಕನೆಯ ಬಳ್ಳಿಗೆ ಎಲೆಗಳೇ ಬರಲಿಲ್ಲ. ಸೊಸೆ ದೊಡ್ಡ ಕಣ್ಣಿನ ಬಟ್ಟೆ ತಂದು ಹೊಸ ಚೌಕಟ್ಟು ಬಿಗಿದಳು. ಬೆಳಕಿಗೆ ಗಟ್ಟಿಯಾಗುವ ಲೇಪವನ್ನು ಕತ್ತಲ ಕೋಣೆಯಲ್ಲಿ ಅದಕ್ಕೆ ಬಳಿದು ಒಣಗಿಸಿದಳು. ಕುಂಚಮ್ಮ ಬರೆದ ಹಾಳೆಯನ್ನು ಮೇಲಿಟ್ಟು ಗಾಜು ಹೊದಿಸಿ ಬಿಸಿಲಿಗೆ ಹಿಡಿದಳು. ಮೂರು ನಿಮಿಷ ಎಣಿಸಿ ನೀರು ಹೊಯ್ದಳು. ಬಿಸಿಲು ಬಿದ್ದಲ್ಲಿ ಲೇಪ ಕಚ್ಚಿಕೊಂಡಿತ್ತು. ಕಪ್ಪು ಗೆರೆಯ ನೆರಳಲ್ಲಿದ್ದ ಲೇಪ ಕರಗಿ ಹರಿಯಿತು. ಜಾಲರಿಯನ್ನು ಎತ್ತಿ ಹಿಡಿದಾಗ ಅದರ ತುಂಬ ಬಳ್ಳಿಯ ಆಕಾರದಲ್ಲಿ ಬೆಳಕು.

ಕುಂಚಮ್ಮ ಬಹಳ ಹೊತ್ತು ನೋಡಿದಳು. "ನಾನು ಬರೆದಿದ್ದೇ," ಎಂದಳು. "ಅಲ್ಲಿ ನೋಡು, ಆ ಎಲೆಗೆ ಕೈ ಜಾರಿದೆ. ಇನ್ನು ಲೋಟಕ್ಕೊಂದು ಸಲ ಜಾರುತ್ತೆ."

ಲೋಟ ದುಂಡು, ಚೌಕಟ್ಟು ಚಪ್ಪಟೆ. ಹಾಗಾಗಿ ಬಳ್ಳಿಯನ್ನು ಮೊದಲು ತೆಳು ಕಾಗದದ ಮೇಲೆ ಎಳೆಯಬೇಕು. ಬಣ್ಣದ ಹಸಿ ಆರುವಷ್ಟರಲ್ಲಿ ಆ ಕಾಗದವನ್ನು ಅರೆ ಒಣಗಿದ ಲೋಟಕ್ಕೆ ಸುತ್ತಿ, ಹಿಂದಿನಿಂದ ಒದ್ದೆ ಸ್ಪಂಜಿನಲ್ಲಿ ಒತ್ತಿ, ಮೆಲ್ಲಗೆ ಸುಲಿಯಬೇಕು. ಲೋಟ ಹಸಿಯಾಗಿದ್ದರೆ ಕಾಗದದ ಜೊತೆ ಮಣ್ಣೂ ಏಳುತ್ತದೆ. ತೀರ ಒಣಗಿದ್ದರೆ ಬಣ್ಣ ಕಾಗದ ಬಿಟ್ಟು ಬರುವುದೇ ಇಲ್ಲ. ಉಗುರು ಒತ್ತಿದರೆ ಗುರುತು ಬೀಳಬೇಕು, ಬೆರಳು ಒತ್ತಿದರೆ ಬೀಳಬಾರದು, ಆ ಹದ.

ಮೊದಲ ದಿನ ಕುಂಚಮ್ಮ ರಬ್ಬರ್ ಪಟ್ಟಿಯನ್ನು ಕುಂಚ ಹಿಡಿದಂತೆ ನಾಜೂಕಾಗಿ ಹಿಡಿದಳು. ಬಣ್ಣ ಅರ್ಧ ದಾರಿಗೇ ನಿಂತಿತು.

"ಮುದ್ದು ಮಾಡಬೇಡಿ ಚಿಕ್ಕಮ್ಮ. ಮೈಭಾರ ಹಾಕಿ ಎಳೀರಿ. ಬೈದ ಹಾಗೆ."

"ಯಾರನ್ನ ಬೈಯ್ಯಲಿ?"

"ಯಾರಾದ್ರೂ ಒಬ್ಬರು ಇರ್ತಾರಲ್ಲ."

ಕುಂಚಮ್ಮ ಎಳೆದಳು. ಪೂರ್ತಿ ಬಳ್ಳಿ ಬಿತ್ತು. ಯಾರನ್ನು ಬೈದಿರಿ ಎಂದು ಸೊಸೆ ಕೇಳಲಿಲ್ಲ. ಇಬ್ಬರೂ ನಗುವುದನ್ನು ಕೇಳಿ ಯಜಮಾನಿ ಕಿಟಕಿಯಲ್ಲಿ ಇಣುಕಿ, "ಕೆಲಸವೋ ಆಟವೋ?" ಎಂದಳು.

ಇನ್ನೊಂದು ತೊಡಕು ಉಳಿದಿತ್ತು. ಕೈಯಲ್ಲಿ ಎತ್ತಿದ ಲೋಟ. ಒಂದರ ಸುತ್ತಳತೆ ಇನ್ನೊಂದಕ್ಕಿಲ್ಲ. ಕಾಗದದ ಬಳ್ಳಿಗೋ ಒಂದೇ ಉದ್ದ. ಕೆಲವು ಲೋಟಕ್ಕೆ ಬಳ್ಳಿ ಒಂದು ಬೆರಳು ಕಡಿಮೆ ಬಿದ್ದು ಬಾಯಿ ಬಿಟ್ಟುಕೊಂಡಿತು. ಕೆಲವಕ್ಕೆ ಹೆಚ್ಚಾಗಿ ಎಲೆಯ ಮೇಲೆ ಎಲೆ ಹತ್ತಿತು. ಸೊಸೆ ಮಾವನ ಹತ್ತಿರ ಹೋಗಿ, "ಎಲ್ಲಾ ಒಂದೇ ಅಳತೇಲಿ ಎತ್ತೋಕಾಗಲ್ವಾ ಮಾವ?" ಎಂದಳು.

"ನಿನ್ನ ಇಬ್ಬರು ತಮ್ಮಂದಿರು ಒಂದೇ ಅಳತೇಲಿ ಇದಾರಾ?" ಎಂದ ಯಜಮಾನ.

ಕುಂಚಮ್ಮ ಕತ್ತರಿ ತೆಗೆದುಕೊಂಡಳು. ಕಾಗದದ ಬಳ್ಳಿಯ ತುದಿಯಿಂದ ಒಂದೆರಡು ಎಲೆ ತೆಗೆದು, ಉಳಿದದ್ದನ್ನು ಮೂರು ತುಂಡು ಮಾಡಿ, ಲೋಟದ ಸುತ್ತ ಮೂರು ಕಡೆ ಸಮನಾಗಿ ಸಂದು ಬಿಟ್ಟು ಇಟ್ಟಳು. ಲೋಟ ದಪ್ಪವಾದರೆ ಮೂರೂ ಸಂದು ಚೂರು ಹೆಚ್ಚು ಅಗಲ, ಸಣ್ಣದಾದರೆ ಕಿರಿದು.

"ಒಂದೇ ಕಡೆ ಕದ್ದರೆ ಸಿಕ್ಕಿಬೀಳ್ತೀವಿ. ಮೂರು ಕಡೆ ಚೂರು ಚೂರು ಕದ್ದರೆ ಅದು ಡಿಸೈನು," ಎಂದಳು.

ನಾಲ್ಕನೆಯ ವಾರ ಭಟ್ಟಿ ತೆರೆದಾಗ ಅರವತ್ತು ಲೋಟ ಒಳಗಿದ್ದವು. ಮಗ ಮೊದಲನೆಯದನ್ನು ಎತ್ತಿದ; ಈ ಸಲ ಬೆನ್ನು ನೋಡಲಿಲ್ಲ. ಬಿಳಿಯ ಮೇಲೆ ನೀಲಿ ಬಳ್ಳಿ ಸುತ್ತ ಹರಿದಿತ್ತು. ಯಜಮಾನ ಉಗುರಿನಿಂದ ಕೆರೆದು ನೋಡಿ, ಇನ್ನೊಂದನ್ನು ತೆಗೆದು ಅದನ್ನೂ ಕೆರೆದ.

"ಎಷ್ಟು ಹೊತ್ತು ಹಿಡೀತು ಇದಕ್ಕೆ?"

"ಬೆಳಿಗ್ಗೆ ತಿಂಡಿ ಆದ ಮೇಲೆ ಕೂತ್ವಿ," ಎಂದಳು ಸೊಸೆ. "ಊಟದ ಹೊತ್ತಿಗೆ ಅರವತ್ತೂ ಮುಗೀತು. ಚಿಕ್ಕಮ್ಮ ಎಳೆದ್ರು, ನಾನು ಸುತ್ತಿದೆ."

ಮೂರು ದಿನದ ಕುಂಚದ ಕೆಲಸ ಒಂದು ಬೆಳಗಿಗೆ ಮುಗಿದಿತ್ತು. ಯಜಮಾನ ಲೆಕ್ಕದಲ್ಲಿ ಹಿಂದೆ ಬಿದ್ದವನಲ್ಲ. ಅದೇ ದಿನ ಲೋಟಗಳನ್ನು ಬುಟ್ಟಿಗೆ ತುಂಬಿಕೊಂಡು ಪಾತ್ರೆ ಅಂಗಡಿಯವನ ಹತ್ತಿರ ಹೋದ.

ಮಾರನೆಯ ದಿನ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತಿದ್ದರು, ಕುಂಚಮ್ಮನನ್ನು ಬಿಟ್ಟು. ಅವಳು ಮೊಟ್ಟೆಯ ಪಾತ್ರೆ ಹಿಡಿದು ನಿಂತಿದ್ದಳು.

"ಹೋಟೆಲಿನವರದ್ದು ಆರ್ಡರು," ಎಂದ ಯಜಮಾನ. "ಆರುನೂರು ಲೋಟ. ಬೆಳಿಗ್ಗೆ ಅರವತ್ತು, ಮಧ್ಯಾಹ್ನ ಅರವತ್ತು. ಐದು ದಿನಕ್ಕೆ ಅಚ್ಚು ಮುಗಿಸ್ತೀವಿ ಅಂತ ಮಾತು ಕೊಟ್ಟುಬಂದೆ."

"ಮಧ್ಯಾಹ್ನ ಅವಳು ಪ್ರಿಂಟಿಗೆ ಕೂತ್ರೆ ಹೇಗೆ?" ಎಂದಳು ಯಜಮಾನಿ. "ಪಾತ್ರೆ ತೊಳೆಯೋಳನ್ನ ಇವತ್ತಿಂದ ಬರಬೇಡ ಅಂತ ಹೇಳಿದೀನಿ. ಕುಂಚಮ್ಮನಿಗೆ ಮಧ್ಯಾಹ್ನ ಬಿಡುವು ಸಿಕ್ತಲ್ಲ, ಮನೆ ಪಾತ್ರೆ ಮನೆಯವರೇ ತೊಳ್ಕೋಬಹುದು ಅಂತ."

"ಯಾರನ್ನ ಕೇಳಿ ಬಿಡಿಸಿದೆ?"

"ನೀವು ಯಾರನ್ನ ಕೇಳಿ ಮಾತು ಕೊಟ್ರಿ?"

ಗಂಡಹೆಂಡಿರು ಜಗಳಕ್ಕಿಳಿದರು. ಒಬ್ಬ ಆ ಮಧ್ಯಾಹ್ನವನ್ನು ಲೋಟಕ್ಕೆ ಎಳೆದ, ಒಬ್ಬಳು ಪಾತ್ರೆಗೆ ಎಳೆದಳು. ಪಾತ್ರೆ ಬೇಗ ತೊಳೆದು ಆಮೇಲೆ ಲೋಟಕ್ಕೆ ಕೂರಲಿ ಎಂದು ಮಗ ನಡುವೆ ರಾಜಿ ಹೇಳಿದ. ಅದು ಎಲ್ಲರಿಗೂ ಸರಿಯೆನಿಸಿತು. ಯಾರ ಮಧ್ಯಾಹ್ನವೋ ಅವಳು ಪಾತ್ರೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

ಕುಂಚಮ್ಮ ಮೊಟ್ಟೆಯ ಪಾತ್ರೆಯನ್ನು ಮೇಜಿನ ಮೇಲೆ ಇಟ್ಟಳು.

"ಅಣ್ಣ, ಆ ಮಧ್ಯಾಹ್ನ ನನಗೆ ಬೇಕು."

"ನಿನಗೇ ಅಲ್ವಾ ಕೊಡ್ತಿರೋದು? ನೀನೇ ಎಳೀಬೇಕು, ಸೊಸೆ ಒಬ್ಬಳ ಕೈಲಾಗಲ್ಲ."

"ಎಳೆಯೋಕಲ್ಲ. ನನಗೆ."

"ನಿನಗೆ ಅಂದ್ರೆ? ಏನು ಮಾಡ್ತೀಯಾ?"

"ಏನೂ ಮಾಡಲ್ಲ. ಬಿದ್ಕೋತೀನಿ."

ಮಗ ನಕ್ಕುಬಿಟ್ಟ. ಯಾವುದೋ ಕಾಯಿಲೆ ಇರಬೇಕೆಂದು ಯಜಮಾನಿ ನಾದಿನಿಯ ಮುಖ ನೋಡಿದಳು.

"ಮೈ ಹುಷಾರಿಲ್ವಾ?"

"ಚೆನ್ನಾಗಿದೆ ಅತ್ತಿಗೆ. ಅದಕ್ಕೇ ಈಗಲೇ ಬಿದ್ಕೋಬೇಕು ಅಂತಿರೋದು. ಕಾಯಿಲೆ ಬಂದ ಮೇಲೆ ಎಲ್ಲರೂ ಮಲಗ್ತಾರೆ."

"ಕೂತು ಉಣ್ಣೋರಿಗೆ ಈ ಮನೇಲಿ ಜಾಗ ಇಲ್ಲ," ಎಂದ ಯಜಮಾನ. ಅವನು ಕೂತೇ ಉಣ್ಣುತ್ತಿದ್ದ. ಉಂಡ ಮೇಲೆ ಅರ್ಧ ಗಂಟೆ ಬೆನ್ನು ಚಾಚದಿದ್ದರೆ ಅವನಿಗೆ ತಿಗರಿ ಹತ್ತಲು ಆಗುತ್ತಿರಲಿಲ್ಲ. ಆ ಅರ್ಧ ಗಂಟೆ ದಿನದಿನಕ್ಕೂ ಒಂದೂವರೆ ಗಂಟೆಯಾಗಿ ಬೆಳೆದು ಎಷ್ಟೋ ವರ್ಷವಾಗಿತ್ತು.

"ಮೂರು ದಿನದ ಕೆಲಸ ಅರ್ಧ ದಿನಕ್ಕೆ ಮಾಡಿಕೊಟ್ಟಿದೀನಿ," ಎಂದಳು ಕುಂಚಮ್ಮ. ದನಿ ಏರಲಿಲ್ಲ. "ಎರಡೂವರೆ ದಿನ ಉಳೀತು. ಅದರಲ್ಲಿ ನಿನಗೂ ಪಾಲಿದೆ, ಬೇಡ ಅನ್ನಲ್ಲ. ದಿನಕ್ಕೆ ಇಪ್ಪತ್ತು ಲೋಟ ಸಿಗ್ತಿದ್ದೋನಿಗೆ ಅರವತ್ತು ಸಿಗ್ತಿದೆ. ಅತ್ತಿಗೆಗೆ ಒಂದು ಸಂಬಳ ಉಳೀತು. ಬಣ್ಣ ಅರೆದೋಳಿಗೆ ಏನು? ಊಟ ಆದ ಮೇಲೆ ನಾಲ್ಕು ಗಂಟೆ ತನಕ. ಅಷ್ಟೇ ಕೇಳ್ತಿರೋದು."

"ಮನೆ ಅಂದ ಮೇಲೆ ಪಾಲು ಗೀಲು ಅಂತ..."

"ಮನೆ ಅಂದ ಮೇಲೇ ಅಣ್ಣ."

ಅವಳು ತನ್ನ ತಟ್ಟೆಗೆ ಬಡಿಸಿಕೊಂಡು, ಉಂಡು, ಕೈತೊಳೆದು, ಅಚ್ಚಿನ ಕೋಣೆಗೆ ಹೋದಳು. ಅಲ್ಲಿ ಒಣಹಾಕಿದ ಕಾಗದಗಳ ಕೆಳಗೆ ಚಾಪೆ ಬಿಚ್ಚಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದಳು. ಮಧ್ಯಾಹ್ನದ ಪಾತ್ರೆಗಳು ಹಾಗೇ ಇದ್ದವು. ಯಜಮಾನಿ ಅವುಗಳನ್ನು ಸದ್ದು ಮಾಡಿ ತೊಳೆದಳು. ಒಂದೊಂದು ಪಾತ್ರೆಯೂ ಬೈಗುಳದ ಹಾಗೆ ಕೇಳಿಸಿತು. ಸರಿಯಾಗಿ ನಾಲ್ಕಕ್ಕೆ ಕುಂಚಮ್ಮ ಎದ್ದು, ಮುಖ ತೊಳೆದು, ಸಂಜೆಯ ಅಡುಗೆಗೆ ಒಲೆ ಹಚ್ಚಿದಳು.

ಎರಡನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನವೂ. ಬೆಳಗಿನ ಅರವತ್ತು ಲೋಟಕ್ಕೆ ಒಂದೂ ಕಡಿಮೆಯಾಗಲಿಲ್ಲ. ಯಜಮಾನಿ ಪಕ್ಕದ ಬೀದಿಗೆ ಹೋಗಿ ಪಾತ್ರೆ ತೊಳೆಯುವವಳನ್ನು ಮತ್ತೆ ಕರೆದಳು. ಅವಳು ಆಗಲೇ ಬೇರೆ ಮನೆ ಹಿಡಿದಿದ್ದಳು. "ಬರಬೇಡ ಅನ್ನೋಕೆ ಒಂದು ನಿಮಿಷ ಸಾಕಾಯ್ತಲ್ಲಮ್ಮ ನಿಮಗೆ," ಎಂದು ಬಾಗಿಲಲ್ಲೇ ಮಾತು ಮುಗಿಸಿದಳು.

ನಾಲ್ಕನೆಯ ದಿನ ಯಜಮಾನ ನಿದ್ದೆ ಮುರಿದು ಎದ್ದ. ಸೊಸೆ ಅಂಗಳದಲ್ಲಿ ಲೋಟಗಳನ್ನು ನೆರಳಿಗೆ ಸರಿಸುತ್ತಿದ್ದಳು.

"ಬಣ್ಣ ಅರೆಯೋದು ಈಗ ನಿನಗೂ ಬರುತ್ತೆ, ಅಲ್ವಾ?"

"ಬರುತ್ತೆ ಮಾವ."

"ಹದ?"

"ಅದೂ ಬರುತ್ತೆ."

"ಹಾಗಾದ್ರೆ ಅವಳ ಹಂಗೇನು? ಮಧ್ಯಾಹ್ನ ನೀನು ಎಳಿ, ನಿನ್ನ ಗಂಡ ಸುತ್ತಲಿ. ಅವಳು ಬೇಕಾದ್ರೆ ಬೆಳಿಗ್ಗೆಯಿಂದ ಸಂಜೆ ತನಕ ಬಿದ್ಕೊಳ್ಳಲಿ. ಎಷ್ಟು ದಿನ ಬಿದ್ಕೋತಾಳೋ ನಾನೂ ನೋಡ್ತೀನಿ. ಟ್ರಂಕು ಇನ್ನೂ ಅಟ್ಟದ ಮೇಲೇ ಇದೆ." ದನಿ ತಗ್ಗಿಸಿ ಅಂದ: "ಈ ಅಚ್ಚಿನ ಕೋಣೆ ನಿನ್ನದೇ ಆಗುತ್ತೆ. ನಿನ್ನತ್ತೆಗೂ ಹೇಳಿದೀನಿ, ಇನ್ಮೇಲೆ ಮಣ್ಣು ಸೌದೆ ಅಂತ ನಿನ್ನ ಕರೆಯೋ ಹಾಗಿಲ್ಲ."

ಎರಡು ವರ್ಷ ಅವಳು ಕಾದದ್ದು ಇಂಥ ಮಾತಿಗೇ. ಕೈಯಲ್ಲಿದ್ದ ಲೋಟವನ್ನು ಹಲಗೆಯ ಮೇಲೆ ಮೆಲ್ಲಗೆ ಇಟ್ಟಳು. "ಇವತ್ತಿನ ಬಣ್ಣ ಮುಗಿದಿದೆ," ಎಂದಳು. ಅದು ನಿಜವೂ ಆಗಿತ್ತು.

ಮಾರನೆಯ ಬೆಳಿಗ್ಗೆ ಭಟ್ಟಿಗೆ ಲೋಟ ಜೋಡಿಸುವಾಗ ಗಂಡ ಒತ್ತಾಯ ಮಾಡಿದ.

"ಅಪ್ಪ ಇಷ್ಟೆಲ್ಲಾ ಹೇಳಿದಾರೆ, ಹೂಂ ಅಂದುಬಿಡೇ. ಕುಂಚಮ್ಮತ್ತೆಗೆ ವಯಸ್ಸಾಯ್ತು. ನೀನು ಕಲ್ತೆ. ಇನ್ನೇನು?"

"ನಾನು ಕಲ್ತಿದ್ದು ಅವರನ್ನ ಹೊರಗೆ ಹಾಕೋಕಾ?"

"ಹೊರಗೆ ಯಾರು ಹಾಕ್ತಾರೆ? ಅಪ್ಪನ ಮಾತು ಬಿಸಿ, ಅಷ್ಟೇ."

"ಒಂದು ಕೇಳ್ತೀನಿ. ಇವತ್ತು ಮಧ್ಯಾಹ್ನ ಅರವತ್ತು ಹಾಕಿದೆ ಅಂತಿಟ್ಕೋ. ನಾಳೆ ನನ್ನ ಕೈ ಇನ್ನೂ ಚುರುಕಾಗುತ್ತೆ, ಎಂಬತ್ತು ಬರುತ್ತೆ. ಆಗ ಹೊತ್ತು ಉಳಿಯುತ್ತಲ್ಲ, ಅದನ್ನ ನನಗೆ ಬಿಡ್ತಾರಾ?"

ಗಂಡ ಲೋಟ ಜೋಡಿಸುವುದನ್ನು ನಿಲ್ಲಿಸಲಿಲ್ಲ. ಒಂದು ಸಾಲು ಮುಗಿಸಿ ಹೇಳಿದ: "ನೂರಾಗಲಿ ಅಂತಾರೆ."

"ನೀನೇ ಹೇಳಿದೆ ನೋಡು."

ಅಂದು ಊಟವಾದ ಮೇಲೆ ಯಜಮಾನ ಮಲಗಲಿಲ್ಲ. ಅಚ್ಚಿನ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂತ. ಒಳಗೆ ಕುಂಚಮ್ಮ ಚಾಪೆಯ ಮೇಲಿದ್ದಳು. ಎಚ್ಚರವಾಗಿಯೇ ಇದ್ದಳು, ಸೆರಗಿನ ಕೆಳಗೆ ಉಸಿರು ನಿದ್ದೆಯ ಉಸಿರಾಗಿರಲಿಲ್ಲ. ಸೊಸೆ ಕೈ ಒರೆಸಿಕೊಳ್ಳುತ್ತ ಬಂದಳು.

"ಶುರು ಮಾಡು," ಎಂದ ಯಜಮಾನ.

ಸೊಸೆ ಅವನನ್ನು ದಾಟಿ ಒಳಗೆ ಹೋದಳು. ಮೇಜಿನ ಮೇಲಿದ್ದ ರಬ್ಬರ್ ಪಟ್ಟಿಯನ್ನು ಎತ್ತಿ ಮೊಳೆಗೆ ನೇತುಹಾಕಿದಳು. ಜಾಲರಿಯನ್ನು ಗೋಡೆಗೆ ಆನಿಸಿಟ್ಟಳು.

"ಬೆಳಿಗ್ಗೆ ಅರವತ್ತು ಆಗಿದೆ ಮಾವ. ನಾಳೆ ಬೆಳಿಗ್ಗೆ ಅರವತ್ತು ಆಗುತ್ತೆ. ಮಧ್ಯಾಹ್ನಾನೂ ಬೇಕು ಅಂದ್ರೆ ಕೂಲಿ ಕೊಟ್ಟು ಯಾರನ್ನಾದ್ರೂ ಕರೆಸಿ. ನಾನೇ ಕಲಿಸ್ತೀನಿ. ಅವರ ಜೊತೆ ಹೊತ್ತು ಮಾತಾಡ್ಕೊಳ್ಳಿ, ನಾಲ್ಕಕ್ಕೋ ಐದಕ್ಕೋ."

"ನೀನೂ ಅವಳ ಜೊತೆಗೆ ಸೇರಿದೆಯಾ?"

"ನಂಗೂ ಮಧ್ಯಾಹ್ನ ಬೇಕು."

"ಇಪ್ಪತ್ತಾರು ವರ್ಷದವಳಿಗೆ ಎಂಥ ಸುಸ್ತು?"

"ಐವತ್ತೆರಡು ಆಗೋ ತನಕ ಕಾಯ್ಲಾ?"

ಚಾಪೆಯ ಮೇಲಿಂದ ಕುಂಚಮ್ಮ ಸೆರಗು ಸರಿಸಿ ನೋಡಿದಳು. ಎದ್ದು ಕೂರಲಿಲ್ಲ. ಗೋಡೆಯ ಕಡೆಗೆ ಒಂದು ಮೊಳ ಸರಿದಳು, ಅಷ್ಟೆ. ಸೊಸೆ ಆ ಜಾಗದಲ್ಲಿ ಅಡ್ಡಾದಳು. ಮಾವನ ಎದುರಿಗೆ ಅವಳು ಯಾವತ್ತೂ ಕಾಲು ಚಾಚಿದವಳಲ್ಲ. ಕಾಲುಗಳು ಮೊದಲು ಮುದುರಿಯೇ ಇದ್ದವು. ಸ್ವಲ್ಪ ಹೊತ್ತಿಗೆ ನೀಳವಾದವು.

ಯಜಮಾನ ಕುರ್ಚಿ ಎತ್ತಿಕೊಂಡು ಹೋದ. ಸಂಜೆಯವರೆಗೂ ಬೈದ. ಕೂಲಿಯವರನ್ನು ವಿಚಾರಿಸಿದ, ಕೂಲಿ ಎಷ್ಟೆಂದು ಕೇಳಿ ಬಂದ ದಾರಿಯಲ್ಲೇ ವಾಪಸ್ಸಾದ. ಇಪ್ಪತ್ತೆಂಟು ವರ್ಷ ಪುಕ್ಕಟೆ ಸಿಕ್ಕಿದ ವಸ್ತುವಿನ ಪೇಟೆ ಬೆಲೆ ಅವನಿಗೆ ಅಂದೇ ಗೊತ್ತಾದದ್ದು. ಟ್ರಂಕಿನ ಮಾತು ಮತ್ತೆ ಎತ್ತಲಿಲ್ಲ. ಎರಡು ದಿನ ಎಲ್ಲರಿಗೂ ಬೆನ್ನು ತಿರುಗಿಸಿ ಕೂತು ಉಂಡ. ಮೂರನೆಯ ದಿನ ಅಂಗಡಿಯವನ ಹತ್ತಿರ ಹೋಗಿ, ಐದು ದಿನಕ್ಕೆ ಆಗಲಿಲ್ಲ, ಹತ್ತು ಬೇಕು ಎಂದ. ಅಂಗಡಿಯವನು ಪೇಪರಿನಿಂದ ತಲೆಯೆತ್ತಿ, "ಹೋಟೆಲ್ಲಿನ ಗೋಡೆಗೇ ಇನ್ನೂ ಸುಣ್ಣ ಬಳಿದಿಲ್ಲ, ನಿಧಾನಕ್ಕೆ ಕೊಡಿ," ಎಂದ. ಈ ಮಾತನ್ನು ಯಜಮಾನ ಮನೆಯಲ್ಲಿ ಹೇಳಲಿಲ್ಲ. ಜೊತೆಗೆ ಹೋಗಿದ್ದ ಮಗ ಹೇಳಿದ.

ಇನ್ನು ಉಳಿದವಳು ಯಜಮಾನಿ. ಅವಳು ಯಾರ ಪಕ್ಷವೂ ಅಲ್ಲ, ಪಾತ್ರೆಗಳ ಪಕ್ಷ. ದಿನಾ ಮಧ್ಯಾಹ್ನ ಒಬ್ಬಳೇ ತೊಳೆದಳು. ತೊಳೆಯುತ್ತ, "ಇಬ್ಬರು ಮಹಾರಾಣಿಯರು," ಎಂದಳು. "ಚಾಮರ ಒಂದು ಬಾಕಿ." ಸಂಜೆ ಕುಂಚಮ್ಮ, "ನಾಲ್ಕು ಗಂಟೆಗೆ ಎದ್ದು ನಾನು ತೊಳೀತೀನಿ, ಅತ್ತಿಗೆ, ಹಾಗೇ ಬಿಟ್ಟಿರಿ," ಎಂದಳು. "ಮಧ್ಯಾಹ್ನದ ಎಂಜಲು ನಾಲ್ಕರ ತನಕ ಒಣಗಬೇಕಾ? ನಮ್ಮ ಮನೇಲಿ ಅಂಥಾ ಪದ್ಧತಿ ಇಲ್ಲ," ಎಂದಳು ಯಜಮಾನಿ. ಅವಳ ಸೊಂಟ ಹಿಡಿದುಕೊಂಡಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಒಂಬತ್ತನೆಯ ದಿನ ಪಾತ್ರೆಯ ಸದ್ದು ನಡುವೆಯೇ ನಿಂತಿತು. ಬಾಗಿಲಲ್ಲಿ ನೆರಳು ಬಿತ್ತು. ಯಜಮಾನಿ ಒದ್ದೆ ಕೈಗಳನ್ನು ಮುಂದಕ್ಕೆ ಹಿಡಿದು ನಿಂತಿದ್ದಳು, ಒರೆಸಿಕೊಳ್ಳಲು ಬಟ್ಟೆ ಹುಡುಕುವವಳ ಹಾಗೆ.

"ಎಷ್ಟು ತೊಳೆದ್ರಿ?" ಎಂದಳು ಸೊಸೆ ಮಲಗಿದಲ್ಲಿಂದಲೇ.

"ಅರ್ಧ."

ಕುಂಚಮ್ಮ, ಸೊಸೆ ಇಬ್ಬರೂ ಸರಿದರು. ಯಜಮಾನಿ ಗೋಡೆ ಹಿಡಿದು ಮೆಲ್ಲಗೆ ಕೂತು, ಮೆಲ್ಲಗೆ ಒರಗಿ, ಕಡೆಗೆ ಬೆನ್ನು ನೆಲಕ್ಕೆ ಕೊಟ್ಟಳು. ಕಣ್ಣು ಮುಚ್ಚಿದಳು. ತೆರೆದಳು. ಮತ್ತೆ ಮುಚ್ಚಿದಳು.

"ಈಗ ಏನು ಮಾಡೋದು?"

"ಏನೂ ಇಲ್ಲ ಅತ್ತಿಗೆ."

"ಏನೂ ಮಾಡದೆ ಹೇಗೆ ಇರ್ತೀರೇ?"

"ಮೊದಲ ಎರಡು ದಿನ ಕಷ್ಟ."

ಮೂರು ಗಂಟೆಗೆ ಜಗುಲಿಯಿಂದ ಯಜಮಾನನ ಕೂಗು ಬಂತು. "ಟೀ!" ಯಜಮಾನಿಯ ಮೊಣಕೈ ತಾನಾಗಿ ನೆಲಕ್ಕೆ ಊರಿತು, ಭುಜ ಅರ್ಧ ಎದ್ದಿತು. ಕುಂಚಮ್ಮ ಅವಳನ್ನು ಹಿಡಿಯಲಿಲ್ಲ, ಬೇಡವೆನ್ನಲೂ ಇಲ್ಲ. ಎರಡನೆಯ ಸಲ ಕೂಗು ಬಂತು. ಭುಜ ಅಲ್ಲಿಯೇ ತಡೆದು ನಿಂತಿತು, ಆಮೇಲೆ ಕೆಳಗಿಳಿಯಿತು. ಮೂರನೆಯ ಕೂಗು ಬರಲಿಲ್ಲ. ಅಡುಗೆಮನೆಯಲ್ಲಿ ಡಬ್ಬಗಳು ಒಂದಾದ ಮೇಲೊಂದು ತೆರೆದು ಮುಚ್ಚಿದವು, ಸಕ್ಕರೆ ಎಲ್ಲಿ ಎಂದು ಅಪ್ಪ ಮಗನನ್ನು ಕೇಳಿದ, ಮಗ ಉಪ್ಪಿನ ಡಬ್ಬ ಕೊಟ್ಟ, ಬೈಗುಳಗಳಾದವು. ಕಡೆಗೆ ಒಲೆ ಹತ್ತಿತು.

ಯಜಮಾನಿ ಕಿವಿಗೊಟ್ಟಳು.

"ಉರಿ ದೊಡ್ಡದಾಯ್ತು. ಹಾಲು ಉಕ್ಕಿಸ್ತಾರೆ ನೋಡು."

"ಉಕ್ಕಲಿ ಬಿಡಿ, ಅತ್ತೆ," ಎಂದಳು ಸೊಸೆ.

ಸ್ವಲ್ಪ ಹೊತ್ತಿಗೆ ಸುಟ್ಟ ಹಾಲಿನ ವಾಸನೆ ಕೋಣೆಯೊಳಕ್ಕೆ ಬಂತು. ಮೂವರಿಗೂ ಬಂತು. ಯಜಮಾನಿ ಗೋಡೆಯ ಕಡೆಗೆ ಹೊರಳಿ ಮಲಗಿದಳು.